ಹಸಿರು ಕೊಳಕ್ಕೆ ನೀಲಿ ದೀಪ: ನೀರು ತಿಳಿಯಾದೀತು, ಶುದ್ಧವಾದೀತೆ?

ಮೈಸೂರಿನ ಹೊಸ ಬಡಾವಣೆಗಳಲ್ಲಿ ಈಗ ಮನೆ ಮುಂದೆ ತುಳಸಿಕಟ್ಟೆ ಇದ್ದರೆ ಸಾಲದು, ಒಂದು ಕೊಳವೂ ಬೇಕು. ಎಂಟಡಿ ಉದ್ದ, ಆರಡಿ ಅಗಲ, ಎರಡಡಿ ಆಳ. ಸುತ್ತ ಕಲ್ಲು, ಮಧ್ಯೆ ಸಿಮೆಂಟಿನ ಕೊಕ್ಕರೆ, ಒಂದೆರಡು ತಾವರೆ ಕುಂಡ, ಹತ್ತಾರು ಕೆಂಪು ಬಿಳಿ ಮೀನು. ಮನೆಗಳಷ್ಟೇ ಅಲ್ಲ, ಹೋಟೆಲಿನ ಅಂಗಳ, ಕಲ್ಯಾಣ ಮಂಟಪದ ಬಾಗಿಲು, ನರ್ಸಿಂಗ್ ಹೋಮಿನ ವರಾಂಡ, ಎಲ್ಲ ಕಡೆ ಇದೇ ಷೋಕಿ.

ಗೃಹಪ್ರವೇಶಕ್ಕೆ ಬಂದವರೆಲ್ಲ ಕೊಳದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ತಿಂಗಳೊಪ್ಪತ್ತು ಕಳೆಯುವಷ್ಟರಲ್ಲಿ ನೀರು ಸೊಪ್ಪು ಬಸಿದ ಕಟ್ಟಿನ ಹಾಗೆ ಹಸಿರಾಗುತ್ತದೆ. ಮೀನು ಇದೆಯೋ ಸತ್ತಿದೆಯೋ ಕಾಣುವುದಿಲ್ಲ. ಆಮೇಲೆ ಬಂದವರು ಮೂಗು ಮುಚ್ಚಿಕೊಂಡು, "ಯಾಕ್ರೀ, ಇದರಲ್ಲಿ ಪಾತ್ರೆ ತೊಳೀತೀರಾ?" ಎಂದು ಕೇಳುತ್ತಾರೆ.

ಇಂಥ ಸಮಯದಲ್ಲಿ ಯಾರೋ ಒಬ್ಬರು ಕಿವಿಯಲ್ಲಿ ಊದುತ್ತಾರೆ: "ಯು.ವಿ. ಲೈಟ್ ಹಾಕ್ಸಿ ಸಾರ್, ಎಂಟು ದಿನದಲ್ಲಿ ನೀರು ಗಾಜಿನ ಹಾಗೆ ಆಗುತ್ತೆ." ಮಾತು ಸುಳ್ಳಲ್ಲ. ಆದರೆ ಅರ್ಧ ಮಾತು. ಉಳಿದರ್ಧ ತಿಳಿಯದೆ ದುಡ್ಡು ಸುರಿದವರು, ಮೀನು ಕಳಕೊಂಡವರು, ಕೊನೆಗೆ ಕೊಳಕ್ಕೆ ಮಣ್ಣು ತುಂಬಿಸಿ ಕ್ರೋಟನ್ ಗಿಡ ನೆಟ್ಟವರು ಬೀದಿಗೊಬ್ಬರು ಸಿಗುತ್ತಾರೆ. ಆ ಉಳಿದರ್ಧ ಮಾತು ಏನು ಎಂಬುದೇ ಇಲ್ಲಿನ ವಿಷಯ.

ಹಸಿರು ಬರುವುದು ಎಲ್ಲಿಂದ?

ಕೊಳದ ನೀರಿನ ಹಸಿರು ಕೊಳೆಯಲ್ಲ, ಬಣ್ಣವೂ ಅಲ್ಲ. ಅದು ಜೀವ. ಒಂದೊಂದೇ ಜೀವಕೋಶದ ಸೂಕ್ಷ್ಮ ಪಾಚಿ. ಬರಿಗಣ್ಣಿಗೆ ಬಿಡಿಯಾಗಿ ಕಾಣುವುದಿಲ್ಲ. ಬಟ್ಟೆಯಲ್ಲಿ ಸೋಸಿದರೂ ಸಿಗುವುದಿಲ್ಲ, ಸ್ಪಂಜಿನಲ್ಲಿ ಹಾಯಿಸಿದರೂ ನುಸುಳಿ ಆಚೆ ಬರುತ್ತದೆ. ಕೋಟಿಗಟ್ಟಲೆ ಸೇರಿದಾಗ ನೀರೇ ಹಸಿರಾದಂತೆ ತೋರುತ್ತದೆ.

ಈ ಪಾಚಿಗೆ ಬೇಕಾದದ್ದು ಎರಡೇ: ಬಿಸಿಲು ಮತ್ತು ಗೊಬ್ಬರ. ಬಿಸಿಲಿಗೆ ಈ ಸೀಮೆಯಲ್ಲಿ ಬರವಿಲ್ಲ. ಗೊಬ್ಬರ ಎಲ್ಲಿಂದ ಬರುತ್ತದೆ ಅಂತೀರಾ? ಮೀನಿನ ಮಲಮೂತ್ರದಿಂದ, ಮೀನು ತಿನ್ನದೆ ಬಿಟ್ಟ ಕಾಳಿನಿಂದ, ಕೊಳೆತ ಎಲೆಯಿಂದ, ಗುಲಾಬಿ ಗಿಡಕ್ಕೆ ಹಾಕಿದ ಗೊಬ್ಬರ ಮಳೆಗೆ ಕೊಚ್ಚಿ ಕೊಳಕ್ಕೆ ಇಳಿದಾಗ. ಸಾರಜನಕ ಮತ್ತು ರಂಜಕ ಗದ್ದೆಯಲ್ಲಿ ಭತ್ತ ಬೆಳೆಸುತ್ತವೆ, ಕೊಳದಲ್ಲಿ ಪಾಚಿ ಬೆಳೆಸುತ್ತವೆ. ವ್ಯತ್ಯಾಸ ಇಷ್ಟೇ.

ಶೃಂಗೇರಿಗೆ ಹೋದವರು ಮಠದ ಬಳಿ ತುಂಗೆಯ ಮೆಟ್ಟಿಲಲ್ಲಿ ನಿಂತು ಮೀನಿಗೆ ಪುರಿ ಎರಚುವುದು ವಾಡಿಕೆ. ಅಲ್ಲಿ ಹೊಳೆ ಹರಿಯುತ್ತದೆ, ಹೆಚ್ಚಾದದ್ದನ್ನು ಹೊತ್ತೊಯ್ಯುತ್ತದೆ. ಅದೇ ಭಕ್ತಿಯನ್ನು ಮನೆಯ ಎಂಟಡಿ ಕೊಳದಲ್ಲಿ ತೋರಿಸಿದರೆ ಹೊತ್ತೊಯ್ಯಲು ಅಲ್ಲಿ ತುಂಗೆ ಇಲ್ಲ. ತಿಂದದ್ದೂ ಬಿಟ್ಟದ್ದೂ ಅಲ್ಲೇ ಉಳಿಯುತ್ತದೆ.

ಹಸಿರು ಕಂಡ ಕೂಡಲೇ ಹಲವರು ಮಾಡುವ ಮೊದಲ ಕೆಲಸ ನೀರೆಲ್ಲ ಖಾಲಿ ಮಾಡಿ ಹೊಸ ನೀರು ತುಂಬುವುದು. ಎರಡು ದಿನ ಚೆನ್ನಾಗಿರುತ್ತದೆ. ವಾರ ಕಳೆದರೆ ಮತ್ತೆ ಅದೇ ಕಥೆ, ಏಕೆಂದರೆ ಬಿಸಿಲೂ ಹೋಗಿಲ್ಲ, ಮೀನೂ ಹೋಗಿಲ್ಲ. ವ್ಯರ್ಥವಾದದ್ದು ನೀರು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕಾರು ತೊಳೆಯಲು, ತೋಟಕ್ಕೆ, ಕಾರಂಜಿಗೆ ಕುಡಿಯುವ ನೀರು ಬಳಸಿದರೆ 5000 ರೂಪಾಯಿ ದಂಡ ಎಂದು ಸಾರಬೇಕಾಗಿ ಬಂದ ನಾಡಿದು. ವಾರಕ್ಕೊಮ್ಮೆ ಕೊಳ ಖಾಲಿ ಮಾಡುವ ದರ್ಬಾರು ಇಲ್ಲಿ ನಡೆಯುವಂಥದಲ್ಲ.

ಎರಡನೆಯ ಕೆಲಸ ಇನ್ನೂ ಕೆಟ್ಟದ್ದು. ತೋಟಕ್ಕೆ ಹೊಡೆಯುವ ಮೈಲುತುತ್ತವನ್ನು ಒಂದು ಚಿಟಿಕೆ ಹಾಕಿದರೆ ಪಾಚಿ ಸಾಯುತ್ತದೆ ಎಂದು ಯಾರೋ ಹೇಳಿರುತ್ತಾರೆ. ಪಾಚಿ ಸಾಯುವುದು ನಿಜ. ಪ್ರಮಾಣ ಕೊಂಚ ತಪ್ಪಿದರೆ ಮೀನೂ ಸಾಯುತ್ತದೆ. ಪ್ರಮಾಣ ತಪ್ಪದಿದ್ದರೂ, ಒಮ್ಮೆಗೇ ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಮೀನೆಲ್ಲ ಬಿಳಿ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿರುತ್ತವೆ.

ದೀಪ ಮಾಡುವ ಕೆಲಸ

ಇಲ್ಲಿಗೆ ಬರುತ್ತದೆ ನೀಲಿ ದೀಪ. ಹೆಸರು ಯು.ವಿ. ಲೈಟ್, ಅಂದರೆ ನೇರಳಾತೀತ ಕಿರಣದ ದೀಪ. ಇದನ್ನು ಕೊಳದೊಳಗೆ ಇಳಿಬಿಡುವುದಲ್ಲ. ಒಂದು ಮುಚ್ಚಿದ ಪ್ಲಾಸ್ಟಿಕ್ ಅಥವಾ ಸ್ಟೀಲ್ ಕೊಳವೆ, ಅದರ ನಡುವೆ ಗಾಜಿನ ಒಂದು ತೋಳು, ತೋಳಿನೊಳಗೆ ಟ್ಯೂಬ್‌ಲೈಟಿನ ತಮ್ಮನಂಥ ಸಣ್ಣ ದೀಪ. ಪಂಪು ಕೊಳದ ನೀರನ್ನು ಎತ್ತಿ ಈ ಕೊಳವೆಯೊಳಗೆ ತಳ್ಳುತ್ತದೆ. ನೀರು ದೀಪದ ಪಕ್ಕದಲ್ಲೇ ಹಾದು ಫಿಲ್ಟರಿಗೆ ಹೋಗಿ, ಅಲ್ಲಿಂದ ಮತ್ತೆ ಕೊಳಕ್ಕೆ ಬೀಳುತ್ತದೆ.

ದೀಪದಿಂದ ಬರುವ ಕಿರಣದ ತರಂಗದ ಉದ್ದ 254 ನ್ಯಾನೊಮೀಟರ್. ಇದಕ್ಕೆ ಯು.ವಿ. ಸಿ ಎಂದು ಹೆಸರು. ಸೂರ್ಯನಲ್ಲೂ ಈ ಕಿರಣ ಉಂಟು, ಆದರೆ ಓಜೋನ್ ಪದರ ಅದನ್ನು ಮೇಲೆಯೇ ತಡೆದು ನೆಲಕ್ಕೆ ಬಿಡುವುದಿಲ್ಲ. ಹಾಗಾಗಿ ಭೂಮಿಯ ಮೇಲಿನ ಪಾಚಿಗೆ ಇದರ ಅಭ್ಯಾಸವೇ ಇಲ್ಲ. ಕಿರಣ ತಾಗಿದ ಕೂಡಲೇ ಜೀವಕೋಶದೊಳಗಿನ ಡಿ.ಎನ್‌.ಎ. ಕೆಡುತ್ತದೆ. ಆಮೇಲೆ ಅದು ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುವ ಶಕ್ತಿ ಕಳೆದುಕೊಳ್ಳುತ್ತದೆ. ಸತ್ತ ಪಾಚಿ ಒಂದಕ್ಕೊಂದು ಅಂಟಿ ಉಂಡೆಗಟ್ಟುತ್ತದೆ. ಬಿಡಿಬಿಡಿಯಾಗಿ ನುಸುಳುತ್ತಿದ್ದದ್ದು ಈಗ ಫಿಲ್ಟರಿನ ಸ್ಪಂಜಿಗೆ ಸಿಕ್ಕಿಬೀಳುತ್ತದೆ. ಎಲ್ಲ ಸರಿಯಾಗಿದ್ದರೆ ಒಂದೆರಡು ವಾರದಲ್ಲಿ ಕೊಳದ ತಳದ ಕಲ್ಲು ಕಾಣುತ್ತದೆ.

ಕಣ್ಣಿಗೆ ಕಾಣುವ ನೀಲಿ ಬೆಳಕು ಕೆಲಸದ ಕಿರಣ ಅಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಯು.ವಿ. ಕಿರಣ ಕಣ್ಣಿಗೆ ಕಾಣುವುದೇ ಇಲ್ಲ. ನೀಲಿ ಬಣ್ಣದ ಬಲ್ಬೆಲ್ಲ ಯು.ವಿ. ದೀಪವೂ ಅಲ್ಲ. ಅಂಗಡಿಯ ಗಲ್ಲಾ ಪಕ್ಕದಲ್ಲಿ ಖೋಟಾ ನೋಟು ಪರೀಕ್ಷಿಸಲು ಇಟ್ಟಿರುತ್ತಾರಲ್ಲ, ಅದೂ ಯು.ವಿ.ಯೇ, ಆದರೆ ಬೇರೆ ಜಾತಿ. ಅದರ ತರಂಗ ಉದ್ದ, ಶಕ್ತಿ ಕಡಿಮೆ. ನೋಟಿನ ನಂಬರು ಹೊಳೆಯುವಂತೆ ಮಾಡೀತು, ಪಾಚಿಯನ್ನು ಏನೂ ಮಾಡದು. "ಹೇಗೂ ಮನೇಲೊಂದು ಯು.ವಿ. ಲೈಟ್ ಇದೆಯಲ್ಲ" ಎಂದು ಅದನ್ನೇ ಕೊಳಕ್ಕೆ ಕಟ್ಟುವವರಿಗೆ ಈ ಮಾತು.

ಹಳೆಯ ವಿದ್ಯೆ, ಹೊಸ ಕೊಳ

ಈ ಕಿರಣ ಇಂದು ನಿನ್ನೆಯದಲ್ಲ. ಜರ್ಮನಿಯ ಯೊಹಾನ್ ರಿಟ್ಟರ್ ನೇರಳೆಯಾಚೆಗೂ ಕಾಣದ ಕಿರಣವಿದೆ ಎಂದು ಕಂಡುಕೊಂಡದ್ದು 1801ರಲ್ಲಿ. ಬಿಸಿಲಿಗಿಟ್ಟ ದ್ರಾವಣದಲ್ಲಿ ಸೂಕ್ಷ್ಮಜೀವಿ ಬೆಳೆಯುವುದಿಲ್ಲ ಎಂದು ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ ತೋರಿಸಿದ್ದು 1877ರಲ್ಲಿ. ಬೆಳಕಿನಿಂದ ಚರ್ಮದ ಕ್ಷಯಕ್ಕೆ ಚಿಕಿತ್ಸೆ ಮಾಡಿದ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್‌ಗೆ 1903ರಲ್ಲಿ ನೊಬೆಲ್ ಬಹುಮಾನ ಬಂತು. 1910ರಲ್ಲಿ ಫ್ರಾನ್ಸಿನ ಮಾರ್ಸೇಲ್ ಪಟ್ಟಣದಲ್ಲಿ ಕುಡಿಯುವ ನೀರಿಗೆ ಈ ದೀಪ ಹಚ್ಚಿ ನೋಡಿದರು.

ಅಷ್ಟು ದೂರ ಯಾಕೆ, ಎಷ್ಟೋ ಮನೆಗಳ ಅಡುಗೆಮನೆ ಗೋಡೆಯಲ್ಲಿ ತೂಗುವ ನೀರಿನ ಫಿಲ್ಟರಿನೊಳಗೂ ಇದೇ ದೀಪವಿದೆ. ಅಲ್ಲಿ ಅದು ರೋಗದ ಕ್ರಿಮಿ ಕೊಲ್ಲುತ್ತದೆ, ಕೊಳದಲ್ಲಿ ಪಾಚಿ ಕೊಲ್ಲುತ್ತದೆ. ಅಡುಗೆಮನೆಯ ದೀಪದ ಮುಂದೆ ಹಾಯುವುದು ತಿಳಿ ನೀರು. ಕೊಳದ ದೀಪಕ್ಕೆ ಸಿಗುವುದು ಕದಡು ನೀರು. ಕದಡಿನಲ್ಲಿ ಕಿರಣ ದೂರ ಹೋಗಲಾರದು. ಅದಕ್ಕೇ ಕೊಳವೆ ಕಿರಿದಾಗಿರಬೇಕು, ನೀರು ದೀಪಕ್ಕೆ ಉಜ್ಜಿಕೊಂಡೇ ಹೋಗಬೇಕು.

ಕೊಳದ ಷೋಕಿಗೆ ಕಾರಣವಾದ ಬಣ್ಣದ ಮೀನಿಗೂ ಒಂದು ಊರಿದೆ. ಕೋಯಿ ಎಂಬ ಈ ಮೀನು ಜಪಾನಿನ ನಿಗಾಟ ಸೀಮೆಯ ಭತ್ತದ ರೈತರು ಸಾಕಿದ ಗೆಂಡೆ ಮೀನಿನ ಬಣ್ಣದ ತಳಿ. 1914ರಲ್ಲಿ ಟೋಕಿಯೋ ವಸ್ತುಪ್ರದರ್ಶನದಲ್ಲಿ ಇಟ್ಟ ಮೇಲೆ ಇದರ ಹೆಸರು ಲೋಕಕ್ಕೆಲ್ಲ ಹಬ್ಬಿತು. ಮೇಲಿಂದ ನೋಡಿ ಬಣ್ಣ ಸವಿಯಬೇಕಾದ ಮೀನಿದು. ನೀರು ಹಸಿರಾದರೆ ದುಡ್ಡು ಕೊಟ್ಟು ತಂದ ಬಣ್ಣ ಕಾಣುವುದೇ ಇಲ್ಲ. ಅದಕ್ಕೇ ಕೋಯಿ ಸಾಕುವವರಿಗೆ ಈ ದೀಪದ ಮೇಲೆ ಅಷ್ಟು ಪ್ರೀತಿ.

ದೀಪ ಮಾಡದ ಕೆಲಸ

ಈಗ ಉಳಿದರ್ಧ ಮಾತು. ದೀಪ ನೀರನ್ನು ತಿಳಿ ಮಾಡುತ್ತದೆ, ಶುದ್ಧ ಮಾಡುವುದಿಲ್ಲ. ಈ ಎರಡೂ ಒಂದೇ ಎಂದು ತಿಳಿದವರೇ ಮೋಸ ಹೋಗುವುದು.

ಮೀನಿನ ಮಲಮೂತ್ರದಿಂದ ಬರುವ ಅಮೋನಿಯಾವನ್ನು ದೀಪ ಮುಟ್ಟುವುದೂ ಇಲ್ಲ. ಅಮೋನಿಯಾಕ್ಕೆ ಬಣ್ಣವಿಲ್ಲ. ಗಾಜಿನಂತೆ ತಿಳಿಯಾದ ನೀರಿನಲ್ಲೂ ಅದು ಮೀನಿನ ಕಿವಿರು ಸುಡಬಲ್ಲದು. ಅಮೋನಿಯಾವನ್ನು ಕರಗಿಸುವವರು ಬೇರೆ ಇದ್ದಾರೆ. ಫಿಲ್ಟರಿನ ಸ್ಪಂಜು, ಜಲ್ಲಿಕಲ್ಲಿನ ಮೇಲೆ ಅಂಟಿಕೊಂಡು ಬದುಕುವ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟು ಮೀನಿಗೆ ಅಷ್ಟು ವಿಷವಲ್ಲ. ಇವು ಅಂಟಿಕೊಂಡೇ ಇರುವುದರಿಂದ ದೀಪದ ಕಿರಣ ಇವುಗಳಿಗೆ ತಗಲುವುದಿಲ್ಲ. ಹೊಸ ಕೊಳದಲ್ಲಿ ಈ ಬ್ಯಾಕ್ಟೀರಿಯಾ ನೆಲೆ ಊರಲು ಕೆಲವು ವಾರ ಬೇಕು. ಅಷ್ಟು ದಿನ ಮೀನು ಕಡಿಮೆ ಬಿಡಬೇಕು, ದೀಪವನ್ನು ಆರಿಸಿಟ್ಟರೂ ಒಳ್ಳೆಯದೇ.

ಇಲ್ಲೇ ದೊಡ್ಡ ತಪ್ಪು ನಡೆಯುವುದು. ಫಿಲ್ಟರ್ ಕೊಳಕಾಯಿತು ಎಂದು ಕೆಲಸದವರು ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಸೋಪು ಹಾಕಿ ಉಜ್ಜುತ್ತಾರೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಒಳ್ಳೆಯ ಬ್ಯಾಕ್ಟೀರಿಯಾ ಎಲ್ಲ ನಾಶ. ಎರಡು ಮೂರು ದಿನದಲ್ಲಿ ಮೀನು ಬಾಯಿ ಬಿಡಲು ಶುರು. "ನೀರು ಇಷ್ಟು ಕ್ಲೀನಾಗಿದೆ, ಮೀನು ಯಾಕೆ ಸತ್ತವು?" ಎಂದು ಮಾಲೀಕರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಸ್ಪಂಜನ್ನು ಕೊಳದ ನೀರನ್ನೇ ಒಂದು ಬಕೆಟ್ಟಿಗೆ ತೆಗೆದುಕೊಂಡು ಅದರಲ್ಲಿ ಹಿಂಡಬೇಕು. ಆ ನೀರನ್ನು ಗಿಡಕ್ಕೆ ಹಾಕಿದರೆ ಗಿಡವೂ ಸಂತೋಷಪಡುತ್ತದೆ.

ಕಲ್ಲಿಗೆ, ಗೋಡೆಗೆ ಕೂದಲಿನಂತೆ ಅಂಟಿ ಬೆಳೆಯುವ ಎಳೆಪಾಚಿಯನ್ನೂ ದೀಪ ಕೊಲ್ಲದು. ಅದು ದೀಪದ ಹತ್ತಿರ ಬರುವುದೇ ಇಲ್ಲವಲ್ಲ! ಬದಲಿಗೆ ನೀರು ತಿಳಿಯಾಗಿ ಬಿಸಿಲು ತಳದವರೆಗೆ ಇಳಿದಾಗ ಅದು ಇನ್ನೂ ಹುಲುಸಾಗಿ ಬೆಳೆಯುವುದುಂಟು. ಅದಕ್ಕೆ ಮದ್ದು ಕೈ. ಕಡ್ಡಿಗೆ ಸುತ್ತಿ ಎಳೆದು ತೆಗೆಯಬೇಕು.

ಮೀನಿಗೆ ಕಾಯಿಲೆ ಬಂದು ಔಷಧಿ ಹಾಕಿದ ದಿನಗಳಲ್ಲಿ ದೀಪ ಆರಿಸಿಡಬೇಕು. ಕೆಲವು ಔಷಧಿ ಈ ಕಿರಣಕ್ಕೆ ಒಡೆದು ನಿರುಪಯೋಗವಾಗುತ್ತವೆ.

ಲೆಕ್ಕ ಹಾಕಿ ಕೊಳ್ಳಿ

ಅಂಗಡಿಗೆ ಹೋದರೆ ವ್ಯಾಪಾರ ಬಹುತೇಕ ಹೀಗೆ ಸಾಗುತ್ತದೆ:

"ಅಣ್ಣ, ಕೊಳಕ್ಕೆ ಒಂದು ಯು.ವಿ. ಲೈಟ್ ಕೊಡಿ."

"ಎಷ್ಟು ಲೀಟರಿನ ಕೊಳ ಸಾರ್?"

"ಲೀಟರ್ ಗೊತ್ತಿಲ್ಲ. ಸುಮಾರಾಗಿದೆ. ಒಂದು ಮಧ್ಯಮ ಸೈಜಿಂದು ಕೊಡಿ."

ಸುಮಾರಾಗಿದೆ ಎಂದವರಿಗೆ ಕೆಲಸವೂ ಸುಮಾರಾಗಿಯೇ ಆಗುತ್ತದೆ. ಲೆಕ್ಕ ಕಷ್ಟವೇನಲ್ಲ. ಉದ್ದ, ಅಗಲ, ಆಳ ಅಡಿಯಲ್ಲಿ ಅಳೆದು ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಹೆಚ್ಚುಕಡಿಮೆ ಲೀಟರ್ ಸಿಗುತ್ತದೆ. ಎಂಟು, ಆರು, ಎರಡು ಗುಣಿಸಿದರೆ 96. ಅದು ಸುಮಾರು 2700 ಲೀಟರ್. ಮೀನಿರುವ ಕೊಳದ ನೀರೆಲ್ಲ ಎರಡು ಗಂಟೆಗೊಮ್ಮೆಯಾದರೂ ಫಿಲ್ಟರಿನಲ್ಲಿ ಸುತ್ತಿ ಬರಬೇಕು. ಅಂದರೆ ಗಂಟೆಗೆ 1350 ಲೀಟರ್ ತಳ್ಳುವ ಪಂಪು ಬೇಕು. ಇಷ್ಟು ನೀರಿಗೆ 9 ಅಥವಾ 11 ವ್ಯಾಟಿನ ದೀಪ ಸಾಮಾನ್ಯವಾಗಿ ಸಾಕು. ದಿನವಿಡೀ ಬಿಸಿಲು ಬೀಳುವ ಕೊಳವಾದರೆ, ಮೀನು ಹೆಚ್ಚಾಗಿದ್ದರೆ, ಮುಂದಿನ ಸೈಜು ನೋಡಬೇಕು.

ಪಂಪು ಜೋರಾಗಿದ್ದಷ್ಟೂ ಒಳ್ಳೆಯದು ಎಂದುಕೊಳ್ಳುವುದು ಇನ್ನೊಂದು ತಪ್ಪು. ನೀರು ಓಡಿಹೋದರೆ ಕಿರಣ ತಗಲಲು ಹೊತ್ತೇ ಸಿಗುವುದಿಲ್ಲ. ಯಾವ ದೀಪಕ್ಕೆ ಗಂಟೆಗೆ ಎಷ್ಟು ಲೀಟರ್ ಎಂಬುದು ಡಬ್ಬಿಯ ಮೇಲೆ ಬರೆದಿರುತ್ತದೆ. ಅದನ್ನು ಓದಿ ಪಂಪು ಆರಿಸಬೇಕು.

ಇನ್ನು ಕರೆಂಟಿನ ಲೆಕ್ಕ. ದೀಪ 11 ವ್ಯಾಟ್, ಪಂಪು 25 ವ್ಯಾಟ್ ಎಂದು ಹಿಡಿಯಿರಿ. ಹಗಲು ರಾತ್ರಿ ಓಡಿದರೆ ತಿಂಗಳಿಗೆ ಸುಮಾರು 26 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ 156 ರೂಪಾಯಿ. ದೊಡ್ಡ ಮೊತ್ತವಲ್ಲ. ಆದರೆ 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿರುವ ಮನೆಯವರು ಒಮ್ಮೆ ಬಿಲ್ ತೆಗೆದು ನೋಡುವುದು ಕ್ಷೇಮ. ಆ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿಗಿಂತ ಸ್ವಲ್ಪ ಹೆಚ್ಚಿಗೆ ಮಾತ್ರ ಪುಕ್ಕಟೆ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ತಿಂಗಳಿಗೆ 180 ಯೂನಿಟ್ ಸುಡುವ ಮನೆಗೆ ಕೊಳದ 26 ಸೇರಿದರೆ 206. ಮೀನಿನ ದೆಸೆಯಿಂದ ಇಡೀ ಮನೆಯ ಬಿಲ್ ಬಂದೀತು!

ಹಾಗೆಂದು ರಾತ್ರಿ ಪಂಪು ನಿಲ್ಲಿಸುವ ಜಾಣತನ ಬೇಡ. ರಾತ್ರಿ ಹೊತ್ತು ಪಾಚಿಯೂ ಗಿಡಗಳೂ ಆಮ್ಲಜನಕ ಬಿಡುವುದಿಲ್ಲ, ಅವೂ ಉಸಿರಾಡುತ್ತವೆ. ಬೆಳಗಿನ ಜಾವಕ್ಕೆ ನೀರಿನಲ್ಲಿ ಉಸಿರು ತೀರ ಕಡಿಮೆ. ಬೀಳುವ ನೀರು ಗಾಳಿ ಬೆರೆಸುವುದು ಆಗಲೇ ಬೇಕಾದದ್ದು. ಫಿಲ್ಟರಿನ ಬ್ಯಾಕ್ಟೀರಿಯಾಕ್ಕೂ ಹರಿಯುವ ನೀರೇ ಉಸಿರು. ದೀಪ ಒಂದು ದಿನ ಆರಿದರೆ ನಷ್ಟವಿಲ್ಲ, ಪಂಪು ಒಂದು ರಾತ್ರಿ ನಿಂತರೆ ಮೀನಿಗೆ ಕುತ್ತು.

ಉರಿಯುತ್ತಿದ್ದರೂ ಸತ್ತ ದೀಪ

"ನಮ್ಮ ಲೈಟು ಮೂರು ವರ್ಷದಿಂದ ಉರೀತಾನೇ ಇದೆ, ಒಳ್ಳೆ ಮಾಲು" ಎನ್ನುವವರಿದ್ದಾರೆ. ಉರಿಯುವುದು ನೀಲಿ ಬೆಳಕು ಮಾತ್ರ. ಕೆಲಸದ ಕಿರಣ ಎಂದೋ ಕುಂದಿರುತ್ತದೆ. ಈ ದೀಪಗಳ ಆಯಸ್ಸು ಸಾಮಾನ್ಯವಾಗಿ 8000ದಿಂದ 9000 ಗಂಟೆ. ವರ್ಷಕ್ಕೆ ಗಂಟೆ 8760. ಅಂದರೆ ಬಿಡದೆ ಉರಿಸಿದರೆ ವರ್ಷಕ್ಕೊಮ್ಮೆ ಟ್ಯೂಬ್ ಬದಲಿಸಲೇಬೇಕು. ದೀಪ ಹಾಕಿದ ದಿನವನ್ನು ಕೊಳವೆಯ ಮೇಲೆ ಪೇಂಟಿನಲ್ಲಿ ಬರೆದಿಟ್ಟರೆ ಮರೆಯುವುದಿಲ್ಲ. ಕೊಳ್ಳುವ ಮುಂಚೆ "ಇದರ ಟ್ಯೂಬು ಬಿಡಿಯಾಗಿ ಸಿಗುತ್ತಾ?" ಎಂದು ಕೇಳುವುದು ಅದಕ್ಕೇ ಮುಖ್ಯ. ಟ್ಯೂಬು ಸಿಗದಿದ್ದರೆ ಇಡೀ ಸೆಟ್ಟು ಗುಜರಿಗೆ.

ಎರಡನೆಯದು ಗಾಜಿನ ತೋಳು. ಮಾಮೂಲಿ ಗಾಜು ಈ ಕಿರಣವನ್ನು ತಡೆದುಬಿಡುತ್ತದೆ. ಹಾಗಾಗಿ ತೋಳು ಕ್ವಾರ್ಟ್ಸ್ ಎಂಬ ಬೇರೆ ಗಾಜಿನದು. ಒಡೆದರೆ ಕಿಟಕಿ ಗಾಜಿನವರ ಹತ್ತಿರ ಮಾಡಿಸುವಂತಿಲ್ಲ. ಬೋರ್‌ವೆಲ್ಲಿನ ಗಡಸು ನೀರು ಹಾಕಿದ ಕೊಳದಲ್ಲಿ ಈ ತೋಳಿನ ಮೇಲೆ ಬಿಳಿ ಸುಣ್ಣ ಕಟ್ಟುತ್ತದೆ, ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವ ಹಾಗೆಯೇ. ಸುಣ್ಣದ ಪರದೆ ಬಿದ್ದರೆ ಕಿರಣ ಒಳಗೇ ಉಳಿಯಿತು. ಎರಡು ಮೂರು ತಿಂಗಳಿಗೊಮ್ಮೆ ತೋಳು ಬಿಚ್ಚಿ ವಿನಿಗರ್ ಅಥವಾ ನಿಂಬೆಹುಳಿ ಹಚ್ಚಿ ಮೆತ್ತಗೆ ಒರೆಸಬೇಕು. ಮರಳು, ಕಬ್ಬಿಣದ ನಾರು ಬೇಡ.

ಕಣ್ಣು, ಕರೆಂಟು: ಎರಡೂ ಜೋಪಾನ

ಉರಿಯುವ ಬತ್ತಲೆ ದೀಪವನ್ನು ನೋಡಲೇಬಾರದು. ವೆಲ್ಡಿಂಗ್ ಅಂಗಡಿಯ ಬೆಳಕು ನೋಡಿ ರಾತ್ರಿಯೆಲ್ಲ ಕಣ್ಣಿಗೆ ಮರಳು ಬಿದ್ದಂತೆ ಒದ್ದಾಡಿದವರಿಗೆ ಇದರ ಅನುಭವ ಗೊತ್ತು. ಅಲ್ಲಿಯೂ ಇದೇ ಕಿರಣ. ಚರ್ಮವೂ ಸುಡುತ್ತದೆ. ದೀಪ ಉರಿಯುತ್ತಿದೆಯೇ ಎಂದು ನೋಡಲು ಕೊಳವೆಯಲ್ಲೇ ಒಂದು ಸಣ್ಣ ಕಿಂಡಿ ಇರುತ್ತದೆ, ಅಷ್ಟರಿಂದ ನೋಡಿದರೆ ಸಾಕು. ಅಗ್ಗಕ್ಕೆ ಸಿಗುತ್ತದೆಂದು ಕೊಳವೆಯಿಲ್ಲದ ಟ್ಯೂಬನ್ನೇ ತಂದು ನೀರಿಗೆ ಇಳಿಬಿಟ್ಟರೆ ಮೀನಿಗೂ ಅಪಾಯ, ಬಗ್ಗಿ ನೋಡುವ ಮಕ್ಕಳಿಗೂ ಅಪಾಯ. ಟ್ಯೂಬಿನಲ್ಲಿ ಒಂದಿಷ್ಟು ಪಾದರಸವೂ ಇರುತ್ತದೆ. ಹಳೆಯದನ್ನು ಕೊಳದ ಬಳಿ ಒಡೆಯುವುದಾಗಲಿ ಕಸದ ಗಾಡಿಗೆ ಎಸೆಯುವುದಾಗಲಿ ಸಲ್ಲದು.

ಇದಕ್ಕಿಂತ ದೊಡ್ಡ ಅಪಾಯ ವೈರಿನದು. ನೀರು, ಕರೆಂಟು, ಬರಿಗಾಲು ಮೂರೂ ಸೇರುವ ಜಾಗ ಇದು. ಮನೆಯ ಹಾಲಿನಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು, ಜೋಡಣೆಗೆ ಟೇಪು ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಕವರು ಕಟ್ಟಿ ಬಿಡುವ ಪದ್ಧತಿ ಬಹಳ ಕಡೆ ಇದೆ. ಮಳೆಗಾಲದಲ್ಲಿ ಇದು ಯಮನಿಗೆ ಕೊಟ್ಟ ವೀಳ್ಯ. ಸರಿಯಾದ ಅರ್ಥಿಂಗ್ ಇರಬೇಕು. ಸೋರುವ ಕರೆಂಟನ್ನು ಕಂಡ ಕ್ಷಣವೇ ಲೈನ್ ಕತ್ತರಿಸುವ 30 ಮಿಲಿ ಆಂಪಿಯರಿನ ಆರ್‌.ಸಿ.ಸಿ.ಬಿ. ಸ್ವಿಚ್ಚು ಇರಬೇಕು. ಕೊಳಕ್ಕೆ ಕೈ ಹಾಕುವ ಮುಂಚೆ ಪ್ಲಗ್ಗು ಕಿತ್ತಿರಬೇಕು. ದೀಪಕ್ಕೆ ಕೊಡುವ ದುಡ್ಡಿನ ಜೊತೆಗೆ ಒಳ್ಳೆಯ ವೈರ್‌ಮನ್‌ಗೆ ಕೊಡುವ ಕೂಲಿಯನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ತಿಳಿ ನೀರಿನ ಸೊಳ್ಳೆ

ಇನ್ನೊಂದು ಮಾತು. ನೀರು ತಿಳಿಯಾಯಿತಲ್ಲ, ಸೊಳ್ಳೆ ಕಾಟ ತಪ್ಪಿತು ಎನ್ನುವವರಿದ್ದಾರೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ನಿಂತ ತಿಳಿ ನೀರಿನಲ್ಲೇ. ಅದರ ಮರಿ ಮೇಲೆಯೇ ನೇತಾಡಿಕೊಂಡಿರುತ್ತದೆ, ಪಂಪಿನ ಹತ್ತಿರ ಹೋಗಿ ದೀಪಕ್ಕೆ ತಲೆ ಕೊಡುವುದಿಲ್ಲ. ನೀರು ಹರಿಯುತ್ತಿರಬೇಕು, ಮೀನಿರಬೇಕು. ಮೀನಿಲ್ಲದ ಅಲಂಕಾರದ ತೊಟ್ಟಿಯಾದರೆ ನಾಲ್ಕಾರು ಗಪ್ಪಿ ಮೀನು ಬಿಟ್ಟರೆ ಮರಿಗಳನ್ನು ತಿಂದು ಮುಗಿಸುತ್ತವೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಲು ಬಿಟ್ಟರೆ ನಗರದ ಮನೆಗಳಿಗೆ 400 ರೂಪಾಯಿ, ಅಂಗಡಿ ಹೋಟೆಲಿನಂಥ ವಾಣಿಜ್ಯ ಸ್ಥಳಗಳಿಗೆ 1000 ರೂಪಾಯಿ ದಂಡ ಗೊತ್ತು ಮಾಡಿತು. ಗಲ್ಲಾ ಮುಂದೆ ತಾವರೆ ಕುಂಡ ಇಟ್ಟ ವರ್ತಕರು ಇದನ್ನು ನೆನಪಿಡುವುದು ಒಳ್ಳೆಯದು.

ಕೆರೆಗೂ ಹಾಕಬಾರದೆ?

ಬಸ್ಸಿನಲ್ಲಿ ಕುಕ್ಕರಹಳ್ಳಿ ಕೆರೆ ದಾಟುವಾಗ ಈ ಪ್ರಶ್ನೆ ಏಳುವುದು ಸಹಜ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಆದ ಕೆರೆ ಅದು. ಒಳಚರಂಡಿ ನೀರು ಸೇರಿ ಹಸಿರುಗಟ್ಟಿತು ಎಂಬ ದೂರು ಎಷ್ಟೋ ಸಲ ಎದ್ದಿದೆ. ಮನೆಯ ಕೊಳಕ್ಕೆ ಆಗುವುದು ಕೆರೆಗೆ ಯಾಕಾಗಬಾರದು?

ಅದೇ ಲೆಕ್ಕ ಹಾಕಿ ನೋಡಬಹುದು. ಒಂದು ಎಕರೆ ನೀರು, ಒಂದು ಮೀಟರ್ ಆಳ ಎಂದರೆ ಸುಮಾರು 40 ಲಕ್ಷ ಲೀಟರ್. ಮನೆಯ ಕೊಳದ ಪ್ರಮಾಣದಲ್ಲೇ ಹೋದರೆ ಎಕರೆಗೆ ಸುಮಾರು ಒಂದೂವರೆ ಸಾವಿರ ದೀಪ. ಬರೀ ದೀಪಕ್ಕೇ ದಿನಕ್ಕೆ 400 ಯೂನಿಟ್ಟಿನ ಹತ್ತಿರ. ಪಂಪಿನದು ಬೇರೆ. ವರ್ಷಕ್ಕೊಮ್ಮೆ ಅಷ್ಟೂ ಟ್ಯೂಬು ಬದಲಿಸಬೇಕು. ಇಷ್ಟೆಲ್ಲ ಮಾಡಿದರೂ ಚರಂಡಿ ನೀರು ಬರುವುದು ನಿಲ್ಲದಿದ್ದರೆ ಗೊಬ್ಬರ ಬರುವುದೂ ನಿಲ್ಲದು. ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದು, 2017ರ ಫೆಬ್ರುವರಿ ಮತ್ತು 2018ರ ಜನವರಿಯಲ್ಲಿ ಬೆಂಕಿಯನ್ನೂ ಕಂಡದ್ದು ದೀಪವಿಲ್ಲದೆ ಅಲ್ಲ, ಚರಂಡಿ ಕೆರೆಗೆ ತಿರುಗಿದ್ದರಿಂದ. ಕೆರೆಗೆ ಮದ್ದು ನೀರು ಬರುವ ದಾರಿಯಲ್ಲಿದೆ.

ಮನೆಯ ಕೊಳಕ್ಕೂ ಇದೇ ಮಾತು ಚಿಕ್ಕ ಅಳತೆಯಲ್ಲಿ ಅನ್ವಯಿಸುತ್ತದೆ. ಮೀನಿಗೆ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಕಾಳು. ಬಂದ ಮಕ್ಕಳಿಗೆಲ್ಲ ಬ್ರೆಡ್ಡು ಎಸೆಯಲು ಬಿಡುವುದು ಬೇಡ. ನೀರಿನ ಅರ್ಧ ಭಾಗವಾದರೂ ತಾವರೆ, ನೈದಿಲೆಯ ಎಲೆಯ ನೆರಳಲ್ಲಿರಲಿ. ಎಲೆ ಬಿಸಿಲನ್ನೂ ತಡೆಯುತ್ತದೆ, ಬೇರು ಗೊಬ್ಬರವನ್ನೂ ಹೀರುತ್ತದೆ. ಬಿದ್ದ ಎಲೆ ಕೊಳೆಯುವ ಮುಂಚೆ ತೆಗೆಯಿರಿ. ತೋಟದ ನೀರು ಹರಿದು ಬಾರದಂತೆ ಕೊಳದ ದಂಡೆ ನಾಲ್ಕು ಬೆರಳು ಎತ್ತರವಿರಲಿ. ಮೀನು ಕೊಳ ತಡೆಯುವಷ್ಟೇ ಇರಲಿ. ಇಷ್ಟು ಮಾಡಿದ ಎಷ್ಟೋ ಕೊಳಗಳಿಗೆ ದೀಪದ ಅಗತ್ಯವೇ ಬೀಳುವುದಿಲ್ಲ.

ಇಷ್ಟು ಮಾಡಿದ ಮೇಲೂ ಹಸಿರು ಹೋಗದಿದ್ದರೆ ಆಗ ದೀಪ ತನ್ನಿ. ಅಳತೆ ನೋಡಿ ತನ್ನಿ, ಫಿಲ್ಟರಿನ ಜೊತೆಗೇ ತನ್ನಿ, ವೈರಿಂಗ್ ಸರಿಮಾಡಿಸಿ ಹಾಕಿಸಿ. ಅದು ಒಳ್ಳೆಯ ಆಳು, ಹೇಳಿದ ಒಂದು ಕೆಲಸ ಅಚ್ಚುಕಟ್ಟಾಗಿ ಮಾಡುತ್ತದೆ. ಯಜಮಾನ ಮಾಡಬೇಕಾದ ಕೆಲಸವನ್ನೂ ಅದೇ ಮಾಡಲಿ ಎಂದು ಕೂತರೆ ಮಾತ್ರ, ನೀರು ತಿಳಿಯಾಗಿ ಮೀನು ಖಾಲಿಯಾದ ಕೊಳ ನೋಡಿಕೊಂಡು ಕೂರಬೇಕಾದೀತು.